ಕೌದಿ ಹೊದ್ದ ದನಿ

ಮಾತಾಡುವ ಮೊದಲು ಅವರು ಎರಡು ಬೆರಳಿನಿಂದ ಗಂಟಲ ಕುಳಿಯನ್ನು ಮುಟ್ಟಿ ನೋಡುತ್ತಿದ್ದರು. ನಮ್ಮ ಎರಡು ಮನೆಗಳ ನಡುವಿನ ಗೋಡೆಯ ಹತ್ತಿರ ಬಂದು ಕೊತ್ತಂಬರಿ ಕೇಳುವಾಗಲೂ ಅಷ್ಟೇ, ನೀರು ಬೆರೆಸಿದ ಹಾಲಿಗೆ ರೇಗುವಾಗಲೂ ಅಷ್ಟೇ. ಬೆರಳು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು, ಆಮೇಲೆ ದನಿ. ವಾಡಿ ಸ್ಟೇಷನ್ನಿನಲ್ಲಿ ಗಾಡಿಗಳ ಘೋಷಣೆ ಹೇಳುತ್ತಲೇ ನೌಕರಿ ಮುಗಿಸಿದವರು. ಮೈಕಿನ ಗುಂಡಿ ಒತ್ತುವ ಮುಂಚಿನ ಆ ಅಭ್ಯಾಸ ನಿವೃತ್ತಿಯಾದ ಮೇಲೂ ಬಿಟ್ಟುಹೋಗಿರಲಿಲ್ಲ.

ಹೋದ ತಿಂಗಳು ನಿದ್ದೆಯಲ್ಲೇ ತೀರಿಕೊಂಡರು. ಚಿಂಚೋಳಿಯಿಂದ ಬಂದ ತಂಗಿ ಮನೆ ಖಾಲಿ ಮಾಡಿ, ಬೀಗ ಹಾಕಿ, ಬೆಕ್ಕನ್ನು ನನ್ನ ಮಡಿಲಿಗೆ ಹಾಕಿ ಹೋದರು. ತೀರಿಹೋದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೀಳ್ಕೊಡುಗೆಯ ದಿನ ಯಾರೋ ಅವರ ಹೆಸರನ್ನೇ ಮೈಕಿನಲ್ಲಿ ಕೂಗಿದ್ದರಂತೆ. ಅದನ್ನು ನೆನೆಸಿಕೊಂಡಾಗಲೆಲ್ಲ ಮುಖ ಸಿಂಡರಿಸುತ್ತಿದ್ದರು. "ಗಾಡಿ ಹೆಸರು ಹೇಳಬೇಕ್ರಿ, ಹೇಳೋರ ಹೆಸರಲ್ಲ." ನಮ್ಮ ಓಣಿಗೆಲ್ಲ ಅವರು ಅಕ್ಕ. ನನಗೂ ಅಕ್ಕ.

ನಾನು ಶಹಾಬಾದಿನ ಹುಡುಗಿ, ಕಾನ್ವೆಂಟಿನಲ್ಲಿ ಓದಿದವಳು. ದನಿ ಎತ್ತರಿಸದೆ ಮಾತಾಡುವುದನ್ನು ಸಿಸ್ಟರ್‌ಗಳು ಕಲಿಸಿದ್ದರು, ಅದನ್ನು ಚೆನ್ನಾಗಿಯೇ ಕಲಿತಿದ್ದೆ. ಮದುವೆಯಾಗಿ ವಾಡಿಗೆ ಬಂದ ಹೊಸದರಲ್ಲಿ ಗೋಡೆಯಾಚೆಯಿಂದ ಅವರು ಕೇಳಿದ ಮೊದಲ ಮಾತು ಇದು: "ಯಾರ ಜೊತಿ ಮಾತಾಡಾಕತ್ತೀರಿ, ಇರುವಿ ಜೊತಿಯೇನು? ಜರ ಜೋರ್ ಮಾತಾಡ್ರಿ, ಈ ಊರಾಗ ಗಾಡಿ ಹೋಗತಾವ."

ತಮ್ಮ ಮಾತನ್ನು ಮಾತ್ರ ಎರಡೆರಡು ಸಲ ಹೇಳುತ್ತಿದ್ದರು. ನಮ್ಮವರು ಅದಕ್ಕೆ ನಗುತ್ತಿದ್ದರು. ಅಕ್ಕನ ಉತ್ತರ ಸಿದ್ಧವಿತ್ತು: "ಮೊದಲನೇ ಸಲ ಮಂದಿ ತಲಿ ಎತ್ತತಾರ. ಎರಡನೇ ಸಲ ಕೇಳತಾರ." ಇನ್ನೊಂದು ಹೆಮ್ಮೆಯೂ ಇತ್ತು. ಅಷ್ಟು ವರ್ಷಗಳಲ್ಲಿ ಒಂದು ಗಾಡಿಯನ್ನೂ ತಪ್ಪು ಪ್ಲಾಟ್‌ಫಾರ್ಮಿಗೆ ಹೇಳಿದವರಲ್ಲ. ಈ ಹೆಮ್ಮೆಯನ್ನು ಒಂದೇ ಸಲ ಹೇಳುತ್ತಿದ್ದರು, ಅದೂ ಮೆಲ್ಲಗೆ.

ದಿನಾ ಮಧ್ಯಾಹ್ನ ಇಳಿಹೊತ್ತಿಗೆ ಗೋಡೆಯಾಚೆಯಿಂದ ಕರೆ ಬರುತ್ತಿತ್ತು: "ಏನ್ ಮಾಡಾಕತ್ತೀರಿ? ಬರ್ರಿ, ಚಹಾ ಇಟ್ಟೀನಿ." ಎರಡು ಸಲ. ಮೊದಲನೆಯದು ಮುಗಿಯುತ್ತಲೇ ನಾನು "ಬಂದೆ" ಎನ್ನುತ್ತಿದ್ದೆ. ಆದರೂ ಎರಡನೆಯದು ಬಂದೇ ಬರುತ್ತಿತ್ತು.

ಆ ದನಿ ಮೊದಲು ಸ್ವಲ್ಪ ಒರಟಾಯಿತು. ನೆಗಡಿ ಎಂದರು. ಆಮೇಲೆ ಧೂಳು ಎಂದರು. ನಮ್ಮ ಕಡೆ ಎಲ್ಲ ಕೆಮ್ಮಿಗೂ ಗಣಿಯ ಕಲ್ಲಿನ ಧೂಳು, ಕಾರ್ಖಾನೆಯ ಸಿಮೆಂಟಿನ ಧೂಳು ಎಂಬ ಹೆಸರಿದ್ದೇ ಇದೆ. ಕಲಬುರಗಿಯ ಡಾಕ್ಟರಿಗೆ ತೋರಿಸಿ ಬಂದ ದಿನ ಅಕ್ಕ ಗೋಡೆಯ ಮೇಲೆ ಎರಡೂ ಕೈ ಊರಿ ನಿಂತರು. ಬೆರಳು ಗಂಟಲಿಗೆ ಹೋಗಲಿಲ್ಲ.

"ಗಂಟಲಿನ ದನಿಪೆಟ್ಟಿಗಿ ತಗೀತಾರಂತ್ರಿ. ಸಂಕ್ರಾಂತಿ ಆದ ಮ್ಯಾಲ."

ಅಷ್ಟೇ. ಎರಡನೆಯ ಸಲ ಹೇಳಲಿಲ್ಲ.

ಜೀವಕ್ಕೆ ಅಪಾಯವಿಲ್ಲ, ಗಡ್ಡೆ ಬೇಗ ಗೊತ್ತಾಗಿದ್ದು ಒಳ್ಳೆಯದೇ ಆಯಿತು ಎಂದು ಡಾಕ್ಟರು ಹೇಳಿದ್ದರು. ದನಿ ಮಾತ್ರ ಹೋಗುತ್ತದೆ. 'ಮಾತ್ರ' ಎಂಬ ಆ ಪದವನ್ನು ಅಕ್ಕ ಬಹಳ ದಿನ ಜಗಿದರು. ಆಮೇಲೆ ಒಂದು ಮುಂಜಾನೆ ಕೊರಳಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಬಾಗಿಲಿಗೆ ಬಂದರು. ಹೊಸ ಮೈಕು ತರಿಸಿದ್ದರು. ದನಿ ಇರುವ ತನಕ ತಮಗೆ ಬೇಕಾಗುವ ಮಾತುಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿನಲ್ಲಿ ತುಂಬಿಸಿ, ಆಮೇಲೆ ಫೋನಿಗೆ ಹಾಕಿಕೊಳ್ಳುವುದು, ಬೇಕಾದಾಗ ಒತ್ತುವುದು. ಯಂತ್ರದ ದನಿ ಸಿಗುತ್ತದಲ್ಲ ಎಂದು ನಮ್ಮವರು ಕೇಳಿದಾಗ ಅಕ್ಕ, "ಸ್ಟೇಷನ್ನಿನಾಗ ನನ್ನ ಕುರ್ಚಿಗೆ ಅದನ್ನೇ ಕೂಡಿಸ್ಯಾರ. ನನ್ನ ಬಾಯಿಗೂ ಅದನ್ನೇ ಕೂಡಸಲೇನು?" ಎಂದರು.

ಏನೇನು ಮಾತು ಬೇಕಾಗಬಹುದೆಂದು ಬರೆದಿಟ್ಟುಕೊಳ್ಳೋಣ ಎಂದೆ. ಬೇಡ ಎಂದರು. ಮುಂಜಾನೆಯಿಂದ ಸಂಜೆಯ ತನಕ ಬಾಯಿಗೆ ಬಂದ ಮಾತೇ ಬೇಕಾದ ಮಾತು. ಹೀಗೆ ತರಕಾರಿ ತರಲು ಹೋದರೆ ದಾರಿಯಲ್ಲೇ ನಿಂತು, "ಇದೂ ಬೇಕಾಗತದ, ನೆನಪಿಡ್ರಿ" ಎನ್ನುತ್ತಿದ್ದರು. ಆಟೋ ನಿಲ್ಲಸಪ್ಪ, ಇಲ್ಲೇ ಇಳೀತೀನಿ. ಸೇಡಂ ಬಸ್ ಹೋಯ್ತೇನು? ತಕ್ಕಡಿ ಸೀದಾ ಹಿಡಿ. ಸಜ್ಜಿ ರೊಟ್ಟಿಗಿ ಎಳ್ಳು ಹೆಚ್ಚಿಗಿ ಹಾಕು. ನನಗ ನೋವದ. ನನಗ ನೋವಿಲ್ಲ. ಈ ಕೊನೆಯದು ತಂಗಿ ಫೋನ್ ಮಾಡಿದಾಗ ಒತ್ತಲಿಕ್ಕೆ.

ಕೆಲಸ ಚೆನ್ನಾಗಿಯೇ ಸಾಗಿತ್ತು. ಒಂದು ಮಧ್ಯಾಹ್ನ ಕಂಪ್ಯೂಟರು ಅಪ್‌ಡೇಟ್ ಎಂದು ತನ್ನಷ್ಟಕ್ಕೆ ತಾನೇ ಆರಿ ಹೊತ್ತಿಕೊಂಡಿತು. ಅಂದು ತುಂಬಿಸಿದ್ದೆಲ್ಲ ಹೋಯಿತು. ಯಂತ್ರ ಹಳೆಯದಾಯಿತು, ಹೊಸದು ಕೊಳ್ಳಿರಿ ಎಂಬ ಸೂಚನೆ ಬೇರೆ. ಅಕ್ಕ ಪರದೆಯನ್ನೇ ದಿಟ್ಟಿಸಿ, "ಗಾಡಿ ಹೊರಡೋ ಮುಂದ ಹೇಳಿ ಹೊರಡಬೇಕು. ಇದಕ್ಕ ಅಷ್ಟೂ ರೀತಿ ಇಲ್ಲ" ಎಂದರು.

ಲಿನಕ್ಸ್ ಹಾಕುವ ಮಾತು ಅಲ್ಲಿಂದ ಹುಟ್ಟಿತು. ದುಡ್ಡಿಲ್ಲದೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಹಳೆಯ ಯಂತ್ರದಲ್ಲೂ ಓಡುವ, ಹೇಳದೆ ಕೇಳದೆ ಆರಿಹೋಗದ, ಕಂಪ್ಯೂಟರು ನಡೆಸುವ ವ್ಯವಸ್ಥೆ ಎಂದು ಓದಿ ಅವರು ಮೆಚ್ಚಿಬಿಟ್ಟರು. ಪೆನ್‌ಡ್ರೈವಿನಿಂದ ಅವರೇ ಹಾಕಿದರು. ಇಂಗ್ಲಿಷ್ ಸೂಚನೆಗಳನ್ನು ಓದಿ ಹೇಳುವ ಕೆಲಸ ನನ್ನದು. ಅದೇ ದಿನ ಯಂತ್ರವನ್ನು ಬೀದಿಯ ಕೋಣೆಯಿಂದ ನಡುಮನೆಗೆ ಸಾಗಿಸಿ, ಕಿಟಕಿ ಮುಚ್ಚಿ, ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕೌದಿ ಹೊದಿಸಿದರು. ದಂಡೋತಿಯಲ್ಲಿ ಅವರ ತಾಯಿ ಹೊಲಿದ ಕೌದಿ ಅದು. ಹಳೆಯ ಇಳಕಲ್ ಸೀರೆಯ ತುಂಡು, ಗಂಡಸರ ಅಂಗಿಯ ಪಟ್ಟಿ, ಅಂಚಿಗೆ ಕೆಂಪು ದಾರ.

"ಇದರೊಳಗಿನ ಫ್ಯಾನ್ ಗೊರಕಿ ಹೊಡಿತದ್ರಿ. ಮೈಕಿನಾಗ ಬರತದ."

ಇಲ್ಲಿ ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ಶಹಾಬಾದಿನಿಂದ ವಾಡಿಯ ತನಕ ಅಲುಗದೆ ನಿಂತ ವಸ್ತುವಿಗೆಲ್ಲ ನಾವು ಹೊದಿಕೆ ಹಾಕುವವರು. ಮಿಕ್ಸರಿಗೆ ಹೊದಿಕೆ, ಟೀವಿಗೆ ಹೊದಿಕೆ, ಹೊಲಿಗೆ ಯಂತ್ರಕ್ಕೆ ಹೊದಿಕೆ. ಮುಂಜಾನೆ ಒರೆಸಿದ ಫರಸಿ ಕಲ್ಲಿನ ನೆಲದ ಮೇಲೆ ಮಧ್ಯಾಹ್ನ ಬೆರಳಾಡಿಸಿದರೆ ಬೆಳ್ಳಗೆ ಗೆರೆ ಬೀಳುವ ಊರು ಇದು. ಕಂಪ್ಯೂಟರಿಗೆ ಕೌದಿ ಹೊದಿಸಿದ್ದನ್ನು ನೋಡಿ ನಾನೂ ಅಂದು ಅಂಚು ಸರಿಮಾಡಿ ಬಂದಿದ್ದೆ.

ಮರುದಿನದಿಂದ ಯಂತ್ರ ಕುಂಟತೊಡಗಿತು.

ಬಾಣದ ಗುರುತು ಪರದೆಯ ಮೇಲೆ ಕೆಸರಿನಲ್ಲಿ ನಡೆದಂತೆ ನಡೆಯುತ್ತಿತ್ತು. ಒತ್ತಿದ್ದು ಎಷ್ಟೋ ಹೊತ್ತಿಗೆ ತೆರೆಯುತ್ತಿತ್ತು. ಅದನ್ನಾದರೂ ಸಹಿಸಬಹುದು, ತುಂಬಿಸಿದ ಮಾತೇ ಹರಿದು ಬರುತ್ತಿತ್ತು. 'ಆಟೋ ನಿಲ್ಲ... ಪ್ಪ, ಇಲ್... ತೀನಿ.' ಹೆಡ್‌ಫೋನಿನಲ್ಲಿ ಅದನ್ನು ಕೇಳುವಾಗ ಅಕ್ಕನ ಕಣ್ಣು ನನ್ನ ಕಣ್ಣನ್ನು ತಪ್ಪಿಸುತ್ತಿತ್ತು. ಅದೇ ಮಾತನ್ನು ಮತ್ತೆ ಹೇಳಬೇಕು. ಮತ್ತೆ ಹೇಳಿದಂತೆಲ್ಲ ದನಿ ಸವೆಯುತ್ತಿತ್ತು. ಮುಂಜಾನೆ ಗಂಟೆಯಂತಿದ್ದದ್ದು ಸಂಜೆಗೆ ಒಡಕು ಮಡಕೆ. ಡಾಕ್ಟರು ಹೇಳಿದ ದಿನ ಹತ್ತಿರವಾಗುತ್ತಿತ್ತು. ಅಲ್ಲಿಯ ತನಕ ಈ ದನಿ ಉಳಿಯುತ್ತದೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಯಂತ್ರ ಕೆಡಿಸಿದ ಪ್ರತಿ ಮಾತೂ ಅದರಲ್ಲಿ ಅಷ್ಟನ್ನು ತಿಂದುಹಾಕುತ್ತಿತ್ತು.

ಜಂಕ್ಷನ್ ಊರಿನಲ್ಲಿ ಮೌನ ಸಿಗುವುದೂ ಕಷ್ಟ. ಗೂಡ್ಸ್ ಹೋದರೆ ಕಿಟಕಿಯ ಸರಳು ನಡುಗುತ್ತವೆ. ಯಾವ ಗಾಡಿಯ ಹಿಂದೆ ಎಷ್ಟು ಬಿಡುವು ಎಂಬುದು ಅಕ್ಕನಿಗೆ ಕಿವಿಯಲ್ಲೇ ಗೊತ್ತು. ಅಂಗೈ ಚಾಚಿ ನನ್ನನ್ನು ತಡೆದು, ಕಿವಿಗೊಟ್ಟು ಕೂತು, "ಲೈನ್ ಖಾಲಿ" ಎಂದು ಪಿಸುಗುಟ್ಟಿ ಗುಂಡಿ ಒತ್ತುವರು. ಅದೇ ಗಳಿಗೆಗೆ ಪರದೆ ಹೆಪ್ಪುಗಟ್ಟುವುದು. ಅದು ಕರಗುವ ಹೊತ್ತಿಗೆ ಮುಂದಿನ ಗಾಡಿ.

ನಾವು ಹುಡುಕದ ಜಾಗವಿಲ್ಲ. ಯಾವುದೋ ದೇಶದವರು ಯಾರದೋ ತೊಂದರೆಗೆ ಬರೆದ ಸಲಹೆಗಳನ್ನು ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು, ಅಕ್ಕ ಮಾಡುವುದು. ಪರದೆಯ ಮೇಲೆ ಕಿಟಕಿಗಳು ತೇಲಿ ಬರುವ ಅಲಂಕಾರ ನಿಲ್ಲಿಸಿದೆವು. ಪರದೆಯ ವಿನ್ಯಾಸವನ್ನೇ ಹಗುರವಾದದ್ದಕ್ಕೆ ಬದಲಿಸಿದೆವು. ಯಂತ್ರ ಏಳುವಾಗ ತಾವಾಗಿಯೇ ಏಳುವ ಪ್ರೋಗ್ರಾಮುಗಳನ್ನು ಒಂದೊಂದಾಗಿ ತೆಗೆದೆವು. "ಪ್ರಯಾಣಿಕರಲ್ಲದೋರು ಪ್ಲಾಟ್‌ಫಾರ್ಮಿನಾಗ ಯಾಕ, ಹೊರಗ ನಡೀರಿ" ಎಂದು ಅವುಗಳಿಗೆ ಹೇಳುತ್ತ ತೆಗೆದರು. ಡಿಸ್ಕಿನಲ್ಲಿ ಜಾಗವಿತ್ತು. ಮೆಮೊರಿ ಅರ್ಧ ಖಾಲಿಯೇ ಇತ್ತು. ಪ್ರೊಸೆಸರು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಗೆರೆ ಮಾತ್ರ ಪರದೆಯ ನೆತ್ತಿಗೆ ಅಂಟಿಕೊಂಡಿತ್ತು. ಕೈಯಲ್ಲಿ ಕೆಲಸವಿಲ್ಲ, ಆದರೂ ಉಬ್ಬಸ.

ಒಂದು ಮಾತ್ರ ನನ್ನ ಗಮನಕ್ಕೆ ಬಂತು. ಮುಂಜಾನೆ ಹೊತ್ತಿಸಿದ ಹೊಸತರಲ್ಲಿ ಯಂತ್ರ ಸಲೀಸಾಗಿ ಓಡುತ್ತಿತ್ತು. ಕುಂಟಿದಾಗ ಆರಿಸಿ ಕೂಡಲೇ ಹೊತ್ತಿಸಿದರೆ ಕುಂಟುತ್ತಲೇ ಏಳುತ್ತಿತ್ತು. ಊಟ ಮಾಡಿ ಬಂದು ಹೊತ್ತಿಸಿದರೆ ಮತ್ತೆ ಸ್ವಲ್ಪ ಹೊತ್ತು ಸಲೀಸು. "ಅದಕ್ಕೂ ಮಧ್ಯಾಹ್ನದ ನಿದ್ದಿ ಬೇಕೇನ್ರಿ" ಎಂದರು ಅಕ್ಕ. ಆದರೆ ನಗಲಿಲ್ಲ.

ಶಹಾಬಾದಿನಿಂದ ರಿಪೇರಿ ಅಂಗಡಿಯ ಭಾಯಿ ಬಂದರು. ನನ್ನ ತವರು ಬೀದಿಯವರು, ಬಾಯಲ್ಲಿ ಸದಾ ಲವಂಗ. ಪರದೆಯನ್ನು ನೋಡಿದವರೇ ತಲೆ ಆಡಿಸಿದರು.

"ಆಪಾ, ಫುಕಟ್ ಸಿಕ್ಕಿದ್ದು ಹಿಂಗೇ ಇರತದ. ಪೂರಾ ಅಳಿಸಿ ಹಳೇದೇ ಹಾಕ್ತೀನಿ."

"ಗಾಳಿ ಫುಕಟ್ ಅದ. ನೀ ಉಸಿರಾಡೋದು ಬಿಟ್ಟೀಯೇನು?"

"ಹಂಗಲ್ರಿ ಆಪಾ. ನಿಮಗ ಟೈಮ್ ಇಲ್ಲ ಅಂತ ಹೇಳ್ಲಿಕತ್ತೀನಿ."

ಅಳಿಸಿ, ಹಳೆಯದನ್ನು ಹಾಕಿ, ಎಲ್ಲ ಮೊದಲಿನಂತೆ ಕೂಡಿಸುವುದೆಂದರೆ ಇನ್ನೆರಡು ದಿನ ಹೋದಂತೆ. ಮಾಡದಿದ್ದರೆ ಉಳಿದ ದಿನವೂ ಹೀಗೆಯೇ. ಬೆರಳು ಗಂಟಲಿಗೆ ಹೋಗಿ ಅಲ್ಲೇ ನಿಂತಿತು. ಕೊನೆಗೆ, "ನಾಳಿ ಮುಂಜಾನಿ ಬಾರಪ್ಪ, ಅಳಿಸು" ಎಂದರು. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಸೋತ ದನಿ.

ಭಾಯಿ ಹೋದ ಮೇಲೆ ನಾನು ಬೆಕ್ಕನ್ನು ನೋಡುತ್ತಿದ್ದೆ. ಅದರ ಹೆಸರು ಗಾರ್ಡ್. ಗಾಡಿಯ ಕೊನೆಯ ಡಬ್ಬಿಯ ಗಾರ್ಡಿನಂತೆ, ಎಲ್ಲರೂ ಒಳಗೆ ಬಂದ ಮೇಲೆ ಕಟ್ಟಕಡೆಗೆ ಬರುತ್ತದೆ ಎಂದು ಅಕ್ಕ ಇಟ್ಟ ಹೆಸರು. ಚಳಿಗಾಲದಲ್ಲಿ ಅದರ ಜಾಗ ಹೊಸ್ತಿಲ ಹೊರಗಿನ ಫರಸಿ. ಬಿಸಿಲು ಕಾಸಿದ ಆ ಕಲ್ಲನ್ನು ಬಿಟ್ಟು ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಹೊರಗೆ ಫರಸಿಯ ಮೇಲೆ ಬಿಸಿಲು ಬಿದ್ದಿತ್ತು. ಗಾರ್ಡ್ ಮಾತ್ರ ನಡುಮನೆಯ ಕತ್ತಲಲ್ಲಿ, ಕೌದಿಯ ಮೇಲೆ, ನಾಲ್ಕೂ ಕಾಲು ಚೆಲ್ಲಿ ಮಲಗಿತ್ತು.

"ಅಕ್ಕ, ಇದು ಯಾವಾಗಿಂದ ಇಲ್ಲಿ ಮಲಗ್ಲಿಕತ್ತದ?"

"ಯಾರಿಗಿ ಗೊತ್ತು. ಲಿನಕ್ಸ್ ಹಾಕಿದಾಗಿಂದ ಇರಬೇಕು. ಅದಕ್ಕಾರೆ ಹಿಡಿಸ್ಯಾದ."

ನಾನು ಬೆಕ್ಕಿನ ಹೊಟ್ಟೆಯ ಕೆಳಗೆ ಕೈಯ ಹಿಂಬದಿಯನ್ನು ಒತ್ತಿದೆ. ಇಸ್ತ್ರಿ ಮಾಡಿ ಆಗತಾನೇ ಮಡಿಚಿಟ್ಟ ಲಂಗದಂತೆ ಸುಡುತ್ತಿತ್ತು. ಬೆಕ್ಕನ್ನು ಎತ್ತಿ ಕೆಳಗಿಟ್ಟು ಕೌದಿಯ ಅಂಚು ಹಿಡಿದೆ.

"ಬ್ಯಾಡ್ರಿ," ಅಕ್ಕ ಎದ್ದು ನಿಂತರು. "ಸಪ್ಪಳ ಬರತದ."

"ಇದಕ್ಕ ಉಸಿರು ಕಟ್ಟಾಕತ್ತದ ಅಕ್ಕ."

ಅವರು ಕೌದಿಯ ಇನ್ನೊಂದು ಅಂಚನ್ನು ಹಿಡಿದಿದ್ದರು. ಒಂದು ಕ್ಷಣ ಇಬ್ಬರೂ ಎಳೆದುಕೊಂಡೇ ನಿಂತೆವು. ಆಮೇಲೆ ಅವರ ಕೈ ಸಡಿಲವಾಯಿತು. ಕೌದಿ ತೆಗೆದೊಡನೆ ಒಲೆಯ ಬಾಯಿಂದ ಬಂದಂತೆ ಬಿಸಿ ಮುಖಕ್ಕೆ ಹೊಡೆಯಿತು. ಯಂತ್ರದ ಶಾಖವನ್ನು ಅಂಕಿಯಲ್ಲಿ ತೋರಿಸುವ ಸಲಕರಣೆಯೊಂದರ ಬಗ್ಗೆ ಸಲಹೆಗಳಲ್ಲಿ ಓದಿ, ನಮಗೆ ಬೇಕಾಗದ್ದು ಎಂದು ದಾಟಿಸಿದ್ದೆವು. ಈಗ ತೆರೆದೆವು. ಕುದಿವ ನೀರಿಗೆ ಹತ್ತಿರದ ಅಂಕಿ. ಅಷ್ಟು ಕಾದರೆ ಸುಟ್ಟುಹೋಗಬಾರದೆಂದು ಯಂತ್ರ ತಾನೇ ತನ್ನ ಓಟವನ್ನು ತಗ್ಗಿಸಿಕೊಳ್ಳುತ್ತದೆಂದು ಅಲ್ಲೇ ಬರೆದಿತ್ತು. ಕಿಟಕಿ ತೆರೆದು, ಹಪ್ಪಳದ ಮೊರದಿಂದ ನಾನು ಗಾಳಿ ಹಾಕುತ್ತ ನಿಂತೆ. ಅಂಕಿ ಮೆಲ್ಲಗೆ ಇಳಿಯಿತು. ಅದು ಇಳಿದಂತೆ ಪ್ರೊಸೆಸರಿನ ಗೆರೆ ನೆತ್ತಿ ಬಿಟ್ಟು ಕೆಳಗೆ ಬಂತು. ಅಕ್ಕ ಮೌಸ್ ಆಡಿಸಿದರು. ಬಾಣ ನೀರಿನ ಮೇಲಿನ ಹುಳದಂತೆ ಓಡಿತು.

ಫ್ಯಾನು ಮಾತ್ರ ಭರ್ರೆಂದು ಹೊಡೆದುಕೊಳ್ಳುತ್ತಿತ್ತು. ಹೆಡ್‌ಫೋನ್ ಹಾಕಿ ಅಕ್ಕ ಒಂದು ಮಾತು ತುಂಬಿಸಿ ಕೇಳಿದರು. ಹರಿದಿರಲಿಲ್ಲ. ಆದರೆ ಮಾತಿನ ಹಿಂದೆ ಉದ್ದಕ್ಕೂ ಆ ಗೊರಕೆ. ಅವರ ಮುಖ ನೋಡಲಾಗಲಿಲ್ಲ ನನಗೆ. ಜೀವನಪೂರ್ತಿ ಇರಬೇಕಾದ ದನಿ ಚೊಕ್ಕಟವಾಗಿರಲಿ ಎಂದಲ್ಲವೇ ಅವರು ಕೌದಿ ಹೊದಿಸಿದ್ದು. ಮೌನ ಬೇಕೆಂದರೆ ಮಾತು ಹರಿಯುತ್ತದೆ. ಮಾತು ಬೇಕೆಂದರೆ ಸಪ್ಪಳ ಬರುತ್ತದೆ. ಅವರು ಕೂತೇ ಇದ್ದರು, ಕೌದಿ ಮಡಿಲಲ್ಲಿ. ಹೊರಗೆ ಗೂಡ್ಸೊಂದು ಬಂದು ಹೋಯಿತು, ಸರಳು ನಡುಗಿ ಸುಮ್ಮನಾದವು.

ಕೊನೆಗೆ ಕೌದಿ ಮಡಚಿ ಮೂಲೆಯ ಟ್ರಂಕಿನ ಮೇಲಿಟ್ಟರು.

"ಸ್ಟೇಷನ್ನಿನಾಗ ಯಾವತ್ತು ಸಪ್ಪಳ ಇರಲಾರದೆ ಮಾತಾಡೀನ್ರಿ ನಾ? ಇರಲಿ ಬಿಡ್ರಿ. ಹಿಂದ ಗಾಡಿ ಇದ್ದರೇ ನನ್ನ ದನಿ."

ಮರುದಿನ ಭಾಯಿ ಅಳಿಸಲು ಬಂದವರು ಅಂಗಳದಲ್ಲಿ ಕೂತು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದರು. ಫ್ಯಾನಿನ ರೆಕ್ಕೆಗಳಿಗೆ ಬಿಳಿ ಧೂಳು ರೊಟ್ಟಿ ಹಿಟ್ಟಿನಂತೆ ಮೆತ್ತಿತ್ತು. ಊದಿದರೆ ಓಣಿಯೇ ಮಸುಕಾಯಿತು. "ಆಪಾ, ಇದರಾಗ ಒಂದು ಫರಸಿ ಆಗತದ" ಎಂದರು ಸೀನುತ್ತ. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಫುಕಟಿಗಿ ನನ್ನ ಸಲಾಂ ಹೇಳ್ರಿ" ಎಂದೂ ಸೇರಿಸಿದರು.

ಉಳಿದ ದಿನಗಳಲ್ಲಿ ಅಕ್ಕ ಗಾಡಿಗಳಿಗೆ ಕಾಯಲಿಲ್ಲ. ದನಿ ಇದ್ದಷ್ಟು ಹೊತ್ತು ಮಾತು ತುಂಬಿಸಿದರು, ಒಡೆದಾಗ ಜ್ಯೇಷ್ಠಮಧು ಬಾಯಿಗಿಟ್ಟು ಕೂತರು. 'ಚಿತ್ತಾಪುರಕ್ಕ ಒಂದು ಟಿಕೇಟ್' ಎಂಬುದರ ಹಿಂದೆ ನಿಜಕ್ಕೂ ಒಂದು ಎಂಜಿನ್ನಿನ ಸೀಟಿ ಇದೆ. 'ನನಗ ನೋವಿಲ್ಲ' ಎಂಬುದರ ಹಿಂದೆ ಗಾರ್ಡ್ ಕೂಗಿದೆ. ಕಲಬುರಗಿಗೆ ಹೊರಡುವ ಹಿಂದಿನ ದಿನ, ಇಳಿಹೊತ್ತಿಗೆ, ನಾನು ನಮ್ಮ ಅಡಿಗೆಮನೆಯಲ್ಲಿದ್ದೆ. ಗೋಡೆಯಾಚೆಯಿಂದ ಕರೆ ಬಂತು. ಸಂಜೆಯ ಒಡಕು ದನಿಯಲ್ಲ, ಎಲ್ಲಿ ಬಚ್ಚಿಟ್ಟಿದ್ದರೋ, ಹಳೆಯ ದನಿ.

"ಏನ್ ಮಾಡಾಕತ್ತೀರಿ? ಬರ್ರಿ, ಚಹಾ ಇಟ್ಟೀನಿ."

"ಬಂದೆ" ಎಂದೆ, ರೂಢಿಯಂತೆ. ಎರಡನೆಯ ಸಲವೂ ಕರೆದರು. ಹೋಗಿ ನೋಡಿದರೆ ಮೈಕಿನ ಮುಂದೆ ಕೂತಿದ್ದಾರೆ. ಅವರು ಕರೆದದ್ದು ನನ್ನನ್ನಲ್ಲ, ತುಂಬಿಸುತ್ತಿದ್ದರು. ನಡುವೆ ನನ್ನ 'ಬಂದೆ' ಸೇರಿಬಿಟ್ಟಿತ್ತು. ಮತ್ತೊಮ್ಮೆ ಹೇಳಿರಿ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದೆ.

"ಬ್ಯಾಡ. ಇದನ್ನ ಅಳಸಂಗಿಲ್ಲ ನಾ. ಕರೆದರ ಯಾರಾರೆ ಓ ಅಂದಂಗಿರಬೇಕಲ್ರಿ." ಇದನ್ನು ಅವರು ಎರಡು ಸಲ ಹೇಳಿದರು. ನಾನು ಅವರ ಬಾಯಿಂದ ಕೇಳಿದ ಕೊನೆಯ ದೊಡ್ಡ ಮಾತು ಅದು.

ಆಪರೇಷನ್ ಆಯಿತು. ಊರಿಗೆ ಮರಳಿದ ದಿನ ಕೊರಳಿಗೆ ಬಿಳಿ ಬಟ್ಟೆ, ಕಾರಿನಿಂದ ತಂಗಿಯ ಹೆಗಲು ಹಿಡಿದು ಇಳಿದರು. ಓಣಿಯ ಹೆಂಗಸರೆಲ್ಲ ಬಂದು, ಏನು ಕೇಳಬೇಕೋ ತಿಳಿಯದೆ, ಮೆಲ್ಲಗೆ ಮಾತಾಡಿ ಹೋದರು. ಅಕ್ಕ ಯಾರಿಗೂ ಏನನ್ನೂ ಒತ್ತಿ ಕೇಳಿಸಲಿಲ್ಲ. ಫೋನು ಮಗ್ಗುಲಲ್ಲೇ ಇತ್ತು, ಕೈ ಅದರ ಮೇಲೆ ಇತ್ತು, ಅಷ್ಟೇ. ಇಷ್ಟೆಲ್ಲ ಮಾಡಿ, ಕೊನೆಗೆ ಅವರಿಗೆ ಅದು ಬೇಡವಾಯಿತೇನೋ ಎಂದುಕೊಂಡೇ ಮನೆಗೆ ಬಂದೆ.

ಮರುದಿನ ಇಳಿಹೊತ್ತು. ಹಿಟ್ಟು ನಾದುತ್ತಿದ್ದೆ. ಗೋಡೆಯಾಚೆ ಸದ್ದೇ ಇಲ್ಲ. ನಾನು ನಾದುವುದನ್ನು ನಿಲ್ಲಿಸಿ ಕೇಳಿದೆ, ಮತ್ತೆ ನಾದಿದೆ.

"ಏನ್ ಮಾಡಾಕತ್ತೀರಿ? ಬರ್ರಿ, ಚಹಾ ಇಟ್ಟೀನಿ."

ತಲೆ ಎತ್ತಿದೆ. ಬಾಯಿ ತೆರೆದೆ. ನಾನು ಏನನ್ನೂ ಹೇಳುವ ಮೊದಲೇ ಗೋಡೆಯ ಆಚೆಯಿಂದ ನನ್ನದೇ ದನಿ "ಬಂದೆ" ಎಂದಿತು. ಆಮೇಲೆ ಎರಡನೆಯ ಕರೆ.

ಹಿಟ್ಟಿನ ಕೈಯಲ್ಲೇ ಓಡಿದೆ. ಅಕ್ಕ ಕಟ್ಟೆಯ ಮೇಲೆ ಫೋನನ್ನು ಎತ್ತಿ ಹಿಡಿದು ಕೂತಿದ್ದರು. ಹೆಗಲು ಕುಣಿಯುತ್ತಿದ್ದವು, ಸದ್ದಿರಲಿಲ್ಲ, ನಗುತ್ತಿದ್ದರು. ನಾನು ಒಳಗೆ ಇಣುಕಿ ನೋಡಿದೆ. ಒಲೆ ತಣ್ಣಗಿತ್ತು, ಪಾತ್ರೆಯಲ್ಲಿ ನೀರನ್ನೂ ಹಾಕಿರಲಿಲ್ಲ. ಜೀವಮಾನದಲ್ಲಿ ಅವರು ಮಾಡಿದ ಮೊದಲ ತಪ್ಪು ಘೋಷಣೆ. ನಾನು ಒಲೆಯ ಕಡೆ ಕೈ ಮಾಡಿ ತೋರಿಸಿದೆ. ಅವರ ಎರಡು ಬೆರಳು ಗಂಟಲಿಗೆ ಹೋಗಿ, ಅಲ್ಲಿದ್ದ ಬಟ್ಟೆಯನ್ನು ಮುಟ್ಟಿ, ಕೆಳಗಿಳಿದವು.

ಚಹಾ ನಾನೇ ಇಟ್ಟೆ.